ಕೆಲಸದ ಅರ್ಜಿ, ಕೈಗೆ ಬಂದ ಕೋಡಿಂಗ್ ಟಾಸ್ಕ್: ಕೋಡ್ ರಿವ್ಯೂ ಸ್ಟಾಕ್ ಎಕ್ಸ್‌ಚೇಂಜ್ ಎಷ್ಟು ನೆರವಾದೀತು?

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಿಗೆ ಅರ್ಜಿ ಹಾಕಿದವರಿಗೆ ಈ ಇಮೇಲ್ ಪರಿಚಿತ: ಜೊತೆಗೊಂದು ಸಣ್ಣ ಅಸೈನ್‌ಮೆಂಟ್ ಇದೆ, 48 ಗಂಟೆಯೊಳಗೆ ಮಾಡಿ ಗಿಟ್‌ಹಬ್ (ಕೋಡ್ ಇಡುವ ತಾಣ) ಲಿಂಕ್ ಕಳಿಸಿ. ತೆರೆದು ನೋಡಿದರೆ ಪಾರ್ಕಿಂಗ್ ಲಾಟ್, ವೆಬ್ ವಿಳಾಸವನ್ನು ಚಿಕ್ಕದು ಮಾಡುವ ಯುಆರ್‌ಎಲ್ ಶಾರ್ಟ್‌ನರ್, ಇಲ್ಲವೇ ಮಾಹಿತಿಯನ್ನು ಅಲ್ಪವಿರಾಮದಿಂದ ಬೇರ್ಪಡಿಸಿಟ್ಟ ಒಂದು ಸಿಎಸ್‌ವಿ ಫೈಲ್ ಓದಿ ತಿಂಗಳವಾರು ವರದಿ ತೆಗೆಯುವ ಪ್ರೋಗ್ರಾಂ. ಮೊದಲ ದಿನ ಹೇಗೋ ಕೋಡ್ ಓಡುತ್ತದೆ. ಆದರೆ ಅದು ಚೆನ್ನಾಗಿದೆಯೋ ಇಲ್ಲವೋ ಹೇಳುವವರು ಹತ್ತಿರ ಯಾರೂ ಇರುವುದಿಲ್ಲ. ಹಾಸನದಲ್ಲೋ ಕಲಬುರಗಿಯಲ್ಲೋ ಓದು ಮುಗಿಸಿದ, ಕೆಲಸ ಮಾಡುವ ಸೀನಿಯರ್‌ಗಳ ಪರಿಚಯವಿಲ್ಲದ ಫ್ರೆಶರ್‌ಗೆ ಈ ಕೊರತೆ ತುಂಬ ದೊಡ್ಡದು. ಬರೆದ ಕೋಡನ್ನು ಅನುಭವಿಗಳು ಓದಿ ಅಭಿಪ್ರಾಯ ಹೇಳುವ ಉಚಿತ ಸೇವೆ ಕೋಡ್ ರಿವ್ಯೂ ಸ್ಟಾಕ್ ಎಕ್ಸ್‌ಚೇಂಜ್ ಈ ಕೊರತೆಯನ್ನು ಎಷ್ಟು ತುಂಬುತ್ತದೆ ಎಂಬುದು ಈ ವಿಮರ್ಶೆಯ ವಿಷಯ.

ನಮ್ಮ ತೀರ್ಮಾನ ಮೊದಲೇ ಹೇಳಿಬಿಡುತ್ತೇವೆ. ಟಾಸ್ಕ್ ಬರುವ ಮುಂಚೆ ಕೈ ಪಳಗಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಉಚಿತ ಜಾಗ ಸಿಗುವುದು ಕಷ್ಟ. ಟಾಸ್ಕ್ ಕೈಯಲ್ಲಿದ್ದು ಗಡುವು ಓಡುತ್ತಿರುವಾಗ, ಆ ಟಾಸ್ಕನ್ನೇ ತಂದು ಇಲ್ಲಿ ಹಾಕಲು ಮಾತ್ರ ಇದು ಸರಿಯಾದ ಜಾಗವಲ್ಲ. ಈ ಎರಡರ ನಡುವಿನ ವ್ಯತ್ಯಾಸ ತಿಳಿಯದೆ ಹೋದವರಿಗೆ ನಿರಾಸೆಯಾಗುತ್ತದೆ, ಕೆಲವೊಮ್ಮೆ ನಷ್ಟವೂ ಆಗುತ್ತದೆ.

ಪ್ರೋಗ್ರಾಮಿಂಗ್ ಪ್ರಶ್ನೋತ್ತರಗಳ ತಾಣ ಸ್ಟಾಕ್ ಓವರ್‌ಫ್ಲೋ 2008ರಲ್ಲಿ ಶುರುವಾಯಿತು. ಅದರದೇ ಬಳಗದ ಕೋಡ್ ರಿವ್ಯೂ ಬಂದದ್ದು 2011ರಲ್ಲಿ. ಇವೆರಡನ್ನೂ ಒಂದೇ ಎಂದುಕೊಳ್ಳುವುದು ಹೊಸಬರ ಮೊದಲ ತಪ್ಪು. ಕೋಡ್ ಯಾಕೆ ಓಡುತ್ತಿಲ್ಲ ಎಂದು ಕೇಳುವುದು ಸ್ಟಾಕ್ ಓವರ್‌ಫ್ಲೋದಲ್ಲಿ. ಓಡುತ್ತಿರುವ ಕೋಡನ್ನು ಇನ್ನಷ್ಟು ಚೆನ್ನಾಗಿ ಬರೆಯುವುದು ಹೇಗೆ ಎಂದು ಕೇಳುವುದು ಕೋಡ್ ರಿವ್ಯೂನಲ್ಲಿ. ಎರರ್ ಬರುತ್ತಿರುವ ಕೋಡನ್ನು ಇಲ್ಲಿ ಹಾಕಿದರೆ ಪ್ರಶ್ನೆಯನ್ನು ಮುಚ್ಚುತ್ತಾರೆ. ಅದರಲ್ಲಿ ಹಗೆಯೇನೂ ಇಲ್ಲ, ಅದು ಅಲ್ಲಿನ ನಿಯಮ.

ಒಳಗೆ ಬರಲು ಇನ್ನೂ ಕೆಲವು ಷರತ್ತುಗಳಿವೆ. ಕೋಡ್ ನಿಮ್ಮದೇ ಆಗಿರಬೇಕು, ಅಥವಾ ನೀವು ನೋಡಿಕೊಳ್ಳುತ್ತಿರುವ ಪ್ರಾಜೆಕ್ಟಿನದಾಗಿರಬೇಕು. ಅದು ನಿಜವಾದ ಕೋಡ್ ಆಗಿರಬೇಕು, ಸೂಡೊಕೋಡ್ (ಓಡಿಸಲಾಗದ, ಹೆಜ್ಜೆಗಳನ್ನಷ್ಟೇ ಬರೆದ ಕರಡು) ಆಗಲಿ, ಮಧ್ಯೆ ಚುಕ್ಕಿ ಹಾಕಿ ಬಿಟ್ಟ ತುಣುಕಾಗಲಿ ನಡೆಯದು. ಕೋಡ್ ಪ್ರಶ್ನೆಯ ಒಳಗೇ ಇರಬೇಕು. ಗಿಟ್‌ಹಬ್ ಲಿಂಕನ್ನು ಪೂರಕವಾಗಿ ಕೊಡಬಹುದು, ಲಿಂಕ್ ಮಾತ್ರ ಕೊಟ್ಟರೆ ಸಾಲದು. ನಿಮಗೆ ತಿಳಿದ ಮಟ್ಟಿಗೆ ಕೋಡ್ ಸರಿಯಾದ ಉತ್ತರ ಕೊಡುತ್ತಿರಬೇಕು. ಕೊನೆಯದಾಗಿ, ಕೋಡಿನ ಯಾವ ಅಂಶದ ಬಗ್ಗೆ ಯಾರು ಏನು ಹೇಳಿದರೂ ಕೇಳಲು ನೀವು ಸಿದ್ಧರಿರಬೇಕು. ವೇಗದ ಬಗ್ಗೆ ಮಾತ್ರ ಹೇಳಿ, ಹೆಸರಿಡುವ ರೀತಿಯ ಬಗ್ಗೆ ಬೇಡ ಎಂದರೆ ಯಾರೂ ಕೇಳುವುದಿಲ್ಲ. ಇಂಟರ್‌ವ್ಯೂ ತಯಾರಿಗೆ ಈ ಕೊನೆಯ ಷರತ್ತೇ ವರ. ಅಸೈನ್‌ಮೆಂಟನ್ನು ತಿದ್ದುವ ಎಂಜಿನಿಯರ್ ಕೂಡ ಹಾಗೆಯೇ, ನೀವು ಯೋಚಿಸದ ಕಡೆಯಿಂದಲೇ ನೋಡುತ್ತಾರೆ.

ಹಾಕಿದ್ದನ್ನು ವಾಪಸ್ ತೆಗೆಯಲಾಗದು

ಅರ್ಜಿದಾರರು ಎಲ್ಲಕ್ಕಿಂತ ಮೊದಲು ತಿಳಿಯಬೇಕಾದ ಸಂಗತಿ ಇದು. ಇಲ್ಲಿ ಬರೆದದ್ದು ಸಾರ್ವಜನಿಕ. ಗೂಗಲ್‌ನಲ್ಲಿ ಸಿಗುತ್ತದೆ. ನಿಮ್ಮ ಪ್ರಶ್ನೆಗೆ ಬಂದ ಉತ್ತರಕ್ಕೆ ಒಂದು ಅಪ್‌ವೋಟ್ ಬಿದ್ದರೂ ಸಾಕು, ಪ್ರಶ್ನೆಯನ್ನು ನೀವಾಗಿ ಅಳಿಸಲು ಬರುವುದಿಲ್ಲ. ಎಡಿಟ್ ಮಾಡಿ ಕೋಡ್ ತೆಗೆದರೆ ಹಳೆಯ ಆವೃತ್ತಿ ಎಡಿಟ್ ಇತಿಹಾಸದಲ್ಲಿ ಉಳಿದಿರುತ್ತದೆ, ಸಾಲದ್ದಕ್ಕೆ ಬೇರೆಯವರು ಆ ಎಡಿಟನ್ನು ಹಿಂದಕ್ಕೆ ತಿರುಗಿಸುತ್ತಾರೆ. ಹಾಕುವ ಪಠ್ಯ ಮತ್ತು ಕೋಡ್ ಎಲ್ಲವೂ ಕ್ರಿಯೇಟಿವ್ ಕಾಮನ್ಸ್ ಬಿವೈ-ಎಸ್‌ಎ 4.0 ಪರವಾನಗಿಗೆ ಒಳಪಡುತ್ತದೆ, ಅಂದರೆ ಬರೆದವರ ಹೆಸರು ಹೇಳಿ, ಅದೇ ಪರವಾನಗಿಯಲ್ಲಿ ಯಾರು ಬೇಕಾದರೂ ಬಳಸಬಹುದು. ಒಮ್ಮೆ ಕೊಟ್ಟ ಅನುಮತಿಯನ್ನು ಹಿಂದೆಗೆದುಕೊಳ್ಳಲು ಆಗುವುದಿಲ್ಲ. ನಿಮ್ಮ ಹೆಸರನ್ನು ಪೋಸ್ಟಿನಿಂದ ಬೇರ್ಪಡಿಸಿ ಎಂದು ಕೇಳಿಕೊಳ್ಳಬಹುದು, ಆದರೆ ಪೋಸ್ಟ್ ಅಲ್ಲೇ ಇರುತ್ತದೆ.

ಕಂಪನಿ ಕಳಿಸಿದ ಟಾಸ್ಕಿನ ವಿವರಣೆ ಕಂಪನಿಯ ಸ್ವತ್ತು. ಹಲವು ಇಮೇಲ್‌ಗಳ ಕೊನೆಯಲ್ಲಿ ಇದನ್ನು ಯಾರೊಂದಿಗೂ ಹಂಚಿಕೊಳ್ಳಬೇಡಿ ಎಂಬ ಸಾಲು ಇರುತ್ತದೆ. ಅದನ್ನು ಇಲ್ಲಿ ಅಂಟಿಸಿದರೆ ಆ ಮಾತು ಮುರಿದಂತೆ. ಟಾಸ್ಕಿನ ಎರಡು ಸಾಲನ್ನು ಗೂಗಲ್‌ಗೆ ಹಾಕಿದ ರಿಕ್ರೂಟರ್‌ಗೆ ನಿಮ್ಮ ಪ್ರಶ್ನೆ, ಕೇಳಿದ ತಾರೀಖು, ಬಂದ ಉತ್ತರ ಎಲ್ಲವೂ ಕಣ್ಣೆದುರಿಗೇ ಸಿಗುತ್ತವೆ. ಹಾಗಾಗಿ ಕಂಪನಿಯ ಹೆಸರು ತೆಗೆದು ಹಾಕಿದರೆ ಸಾಕು ಎನ್ನುವ ಸಲಹೆಯನ್ನು ನಂಬಬೇಡಿ. ಟಾಸ್ಕಿನ ವಾಕ್ಯವೇ ಗುರುತು ಹೇಳುತ್ತದೆ.

ಇಂಥ ನೆರವು ಪಡೆಯಬಹುದೇ ಎಂದು ರಿಕ್ರೂಟರನ್ನೇ ಕೇಳುವುದು ಒಳ್ಳೆಯ ದಾರಿ. ನಮ್ಮಲ್ಲಿ ಬಹಳ ಜನ ಕೇಳಲು ಹಿಂಜರಿಯುತ್ತಾರೆ, ಕೇಳಿದರೆ ಗೊತ್ತಿಲ್ಲ ಅಂದುಕೊಂಡಾರು ಎಂಬ ಭಯ. ಕೇಳುವುದು ವೃತ್ತಿಪರತೆಯ ಲಕ್ಷಣ. ಇಮೇಲ್ ನಾಲ್ಕು ಸಾಲು ಮೀರುವುದು ಬೇಡ: ಟಾಸ್ಕ್ ಸಿಕ್ಕಿತು, ಇಂಥ ದಿನ ಇಷ್ಟು ಹೊತ್ತಿಗೆ ಕಳಿಸುತ್ತೇನೆ, ಲೈಬ್ರರಿಯ ದಾಖಲೆ, ಸ್ಟಾಕ್ ಓವರ್‌ಫ್ಲೋ ಮತ್ತು ಎಐ ಸಾಧನಗಳನ್ನು ಬಳಸಬಹುದೇ, ಸಲ್ಲಿಸುವ ಮುನ್ನ ಮತ್ತೊಬ್ಬರಿಗೆ ಕೋಡ್ ತೋರಿಸಬಹುದೇ, ರೆಪೊ (ಗಿಟ್‌ಹಬ್‌ನಲ್ಲಿ ನಿಮ್ಮ ಕೋಡ್ ಇರುವ ಜಾಗ) ಪಬ್ಲಿಕ್ ಇರಬೇಕೋ ಪ್ರೈವೇಟ್ ಇರಬೇಕೋ. ಬಂದ ಉತ್ತರವನ್ನು ಚಾಚೂ ತಪ್ಪದೆ ಪಾಲಿಸಿ. ಉತ್ತರ ಬರದಿದ್ದರೆ ದಾಖಲೆ ಓದುವುದಕ್ಕೆ, ಸಾಮಾನ್ಯ ಎರರ್ ಹುಡುಕುವುದಕ್ಕೆ ಅಡ್ಡಿಯಿಲ್ಲ ಎಂದುಕೊಳ್ಳಬಹುದು. ಇಡೀ ಕೋಡನ್ನು ಇನ್ನೊಬ್ಬರಿಂದ ತಿದ್ದಿಸಲು ಅನುಮತಿಯಿಲ್ಲ ಎಂದೇ ತಿಳಿಯಬೇಕು.

ಟಾಸ್ಕಿನ ಬದಲು ಅದರ ತಮ್ಮ

ಹಾಗಾದರೆ ಈ ಸೇವೆಯ ಉಪಯೋಗ ಪಡೆಯುವುದು ಹೇಗೆ? ಟಾಸ್ಕ್ ಬರುವ ಮುಂಚೆ, ಅದೇ ಜಾತಿಯ ಒಂದು ಪುಟ್ಟ ಪ್ರೋಗ್ರಾಂ ನೀವೇ ಕಟ್ಟಿಕೊಳ್ಳಿ. ಹೀಗೆ ಮನೆಯಲ್ಲೇ ಮಾಡಿ ಕಳಿಸುವ ಟೇಕ್-ಹೋಮ್ ಟಾಸ್ಕ್‌ಗಳಲ್ಲಿ ಮತ್ತೆ ಮತ್ತೆ ಬರುವ ಅಚ್ಚುಗಳು ಬೆರಳೆಣಿಕೆಯಷ್ಟು: ಫೈಲ್ ಓದಿ ಲೆಕ್ಕ ಹಾಕುವುದು, ನಾಲ್ಕು ಎಂಡ್‌ಪಾಯಿಂಟ್ ಇರುವ ರೆಸ್ಟ್ ಎಪಿಐ (ಬೇರೆ ಪ್ರೋಗ್ರಾಂಗಳು ವೆಬ್ ವಿಳಾಸಗಳ ಮೂಲಕ ಡೇಟಾ ಕೇಳುವ ವ್ಯವಸ್ಥೆ), ನಿಯಮಗಳಿರುವ ಒಂದು ಆಟ ಅಥವಾ ಬುಕಿಂಗ್ ವ್ಯವಸ್ಥೆ, ಹೊರಗಿನ ಎಪಿಐಯಿಂದ ಡೇಟಾ ತಂದು ತೋರಿಸುವ ಒಂದು ಪೇಜ್. ಎಪಿಎಂಸಿಯಲ್ಲಿ ಮಾರಾಟವಾದ ಅಡಿಕೆ ಲಾಟುಗಳ ಪಟ್ಟಿ ಮಾಡಿ: ತಾರೀಖು, ರೈತನ ಹೆಸರು, ಊರು, ತೂಕ, ಕ್ವಿಂಟಾಲಿನ ದರ. ರೈತರವಾರು, ತಿಂಗಳವಾರು ಮೊತ್ತ ತೆಗೆಯುವ ಪ್ರೋಗ್ರಾಂ ಬರೆಯಿರಿ. ಇದು ನಿಮ್ಮದೇ ಡೇಟಾ, ನಿಮ್ಮದೇ ಕೋಡ್, ಯಾರ ಗುಟ್ಟೂ ಇದರಲ್ಲಿಲ್ಲ. ನೂರೈವತ್ತು ಇನ್ನೂರು ಸಾಲಿನ ಒಳಗಿರಲಿ. ಈ ಸೈಟಿನಲ್ಲಿ ಒಂದು ಪೋಸ್ಟ್ 65,536 ಅಕ್ಷರಗಳಷ್ಟು ಉದ್ದವಿರಬಹುದು, ಆದರೆ ಅಷ್ಟು ಓದುವ ಪುರುಸೊತ್ತು ಯಾರಿಗೂ ಇರುವುದಿಲ್ಲ.

ತಲೆಬರಹದಲ್ಲಿ ಕೋಡ್ ಏನು ಮಾಡುತ್ತದೆ ಎಂದು ಬರೆಯಬೇಕು, ನಿಮಗೇನು ಬೇಕು ಎಂದಲ್ಲ. ಅಡಿಕೆ ಮಾರಾಟದ ಸಿಎಸ್‌ವಿಯಿಂದ ತಿಂಗಳ ವರದಿ ತೆಗೆಯುವ ಪ್ರೋಗ್ರಾಂ ಎಂಬರ್ಥದ ತಲೆಬರಹ ಸರಿ. ನನ್ನ ಪೈಥಾನ್ ಕೋಡನ್ನು ಸುಧಾರಿಸುವುದು ಹೇಗೆ ಎಂಬುದು ತಪ್ಪು, ಏಕೆಂದರೆ ಅಲ್ಲಿರುವ ಎಲ್ಲರ ಪ್ರಶ್ನೆಯೂ ಅದೇ. ಕೋಡಿಗಿಂತ ಮೊದಲು ಎರಡು ಪ್ಯಾರಾ ವಿವರಣೆ ಇರಲಿ: ಇನ್‌ಪುಟ್ ಹೇಗಿದೆ, ಔಟ್‌ಪುಟ್ ಹೇಗಿರಬೇಕು, ತಪ್ಪು ಸಾಲು ಬಂದರೆ ಬಿಟ್ಟು ಮುಂದೆ ಹೋಗಬೇಕೋ ನಿಲ್ಲಬೇಕೋ, ಭಾಷೆಯ ಯಾವ ಆವೃತ್ತಿ. ಐದು ಸಾಲಿನ ಮಾದರಿ ಡೇಟಾ ಮತ್ತು ಅದಕ್ಕೆ ಬರುವ ಔಟ್‌ಪುಟ್ ಎರಡನ್ನೂ ಕೊಟ್ಟರೆ, ಓದುವವರು ನಿಮ್ಮ ಕೋಡನ್ನು ತಮ್ಮ ಕಂಪ್ಯೂಟರಿನಲ್ಲಿ ಓಡಿಸಿ ನೋಡಬಹುದು. ಓಡಿಸಿ ನೋಡಿದವರ ಉತ್ತರದ ತೂಕವೇ ಬೇರೆ. ಕೋಡಿನ ಮೇಲೂ ಕೆಳಗೂ ಮೂರು ಮೂರು ಬ್ಯಾಕ್‌ಟಿಕ್ (`) ಹಾಕಿ. ಪೈಥಾನ್‌ನಲ್ಲಿ ಇಂಡೆಂಟೇಶನ್ ಒಂದು ಸ್ಪೇಸ್ ಕೆಟ್ಟರೂ ಅರ್ಥ ಕೆಡುತ್ತದೆ, ಕಳಿಸುವ ಮುನ್ನ ಕೆಳಗಿನ ಪ್ರಿವ್ಯೂ ನೋಡಿ. ಟ್ಯಾಗ್‌ಗಳು ಐದು ಮೀರುವಂತಿಲ್ಲ. ಭಾಷೆಯ ಟ್ಯಾಗ್ ಮೊದಲು, ಆಮೇಲೆ ಬಿಗಿನರ್ ಟ್ಯಾಗ್. ಹೊಸಬರು ಎಂದು ಗೊತ್ತಾದರೆ ಉತ್ತರಿಸುವವರು ತುಸು ಬಿಡಿಸಿ ಹೇಳುತ್ತಾರೆ. ಇಂಟರ್‌ವ್ಯೂ ಪ್ರಶ್ನೆಗಳಿಗೇ ಒಂದು ಟ್ಯಾಗ್ ಇದೆ. ಅದರ ಕೆಳಗಿನ ಹಳೆಯ ಪ್ರಶ್ನೆಗಳನ್ನು, ಅವಕ್ಕೆ ಬಂದ ಉತ್ತರಗಳನ್ನು ಒಂದು ವಾರ ಸುಮ್ಮನೆ ಓದಿದರೂ ಬಹಳ ಕಲಿಯಬಹುದು. ಏನನ್ನೂ ಕೇಳದೆ ಪಡೆಯಬಹುದಾದ ಲಾಭ ಇದು.

ಇಂಗ್ಲಿಷ್ ಬೇಕೇ ಬೇಕು. ಸ್ಟಾಕ್ ಓವರ್‌ಫ್ಲೋಗೆ ಸ್ಪ್ಯಾನಿಷ್, ಪೋರ್ಚುಗೀಸ್, ರಷ್ಯನ್, ಜಪಾನೀಸ್ ಭಾಷೆಗಳಲ್ಲಿ ಪ್ರತ್ಯೇಕ ಸೈಟುಗಳಿವೆ, ಕನ್ನಡದಲ್ಲಿ ಇಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದವರು ಇದಕ್ಕೆ ಅಳುಕಬೇಕಿಲ್ಲ. ಚಿಕ್ಕ ಚಿಕ್ಕ ವಾಕ್ಯ ಸಾಕು, ವ್ಯಾಕರಣದ ತಪ್ಪನ್ನು ಬೇರೆಯವರೇ ಎಡಿಟ್ ಮಾಡಿ ಸರಿಪಡಿಸುತ್ತಾರೆ. ಎಚ್ಚರ ಬೇಕಾದದ್ದು ನಮ್ಮ ಕಡೆಯ ಇಂಗ್ಲಿಷ್ ರೂಢಿಗಳ ಬಗ್ಗೆ. ನಾವು ಪ್ರಶ್ನೆಗೆ ಡೌಟ್ ಎನ್ನುತ್ತೇವೆ. ಹೊರದೇಶದವರಿಗೆ ಅದು ಅನುಮಾನ, ಅಪನಂಬಿಕೆ ಎಂದು ಕೇಳಿಸುತ್ತದೆ. ಕ್ವೆಶ್ಚನ್ ಎಂದೇ ಬರೆಯಿರಿ. ಅರ್ಜೆಂಟ್ ಎಂಬ ಪದ, ಸರ್ ಎಂಬ ಸಂಬೋಧನೆ, ಕೊನೆಯಲ್ಲಿ ಮುಂಗಡ ಧನ್ಯವಾದ, ಯಾವುದೂ ಬೇಡ. ಅವಸರ ತೋರಿಸಿದ ಪ್ರಶ್ನೆಗೆ ಅಲ್ಲಿ ಬೇಗ ಉತ್ತರ ಸಿಗುವುದಿಲ್ಲ, ಡೌನ್‌ವೋಟ್ ಬೇಗ ಸಿಗುತ್ತದೆ. ಹೊತ್ತಿನ ವಿಚಾರಕ್ಕೆ ಬಂದರೆ ನಮ್ಮ ಸಂಜೆ ಆರೂವರೆ ಸುಮಾರಿಗೆ ಹಾಕುವುದು ಒಳ್ಳೆಯದು. ಆಗ ಯೂರೋಪಿನಲ್ಲಿ ಮಧ್ಯಾಹ್ನ, ಅಮೆರಿಕದ ಪೂರ್ವ ಕರಾವಳಿಯಲ್ಲಿ ಬೆಳಗ್ಗೆ.

ಯಾವ ಬಗೆಯ ವಿಮರ್ಶೆ ಸಿಗುತ್ತದೆ

ಈ ಸೇವೆಯ ನಿಜವಾದ ಬೆಲೆ ಇರುವುದು ಇಲ್ಲಿ. ಮೇಲಿನ ಅಡಿಕೆ ಲೆಕ್ಕದಂಥ ಪ್ರೋಗ್ರಾಂ ಹೊಸಬರ ಕೈಯಲ್ಲಿ ಸಾಮಾನ್ಯವಾಗಿ ಹೀಗಿರುತ್ತದೆ: ನೂರು ಸಾಲಿನ ಒಂದೇ ಫಂಕ್ಷನ್, ಅದರೊಳಗೇ ಫೈಲ್ ಓದುವುದು, ಲೆಕ್ಕ ಮಾಡುವುದು, ಪ್ರಿಂಟ್ ಮಾಡುವುದು. ಮೊದಲ ಟಿಪ್ಪಣಿ ಬರುವುದೇ ಇದರ ಮೇಲೆ. ಮೂರನ್ನೂ ಬೇರ್ಪಡಿಸಿ ಎನ್ನುತ್ತಾರೆ. ಕಾರಣ ಚೆಂದಕ್ಕಲ್ಲ. ಲೆಕ್ಕ ಮಾಡುವ ಭಾಗ ಫೈಲಿಗೆ ಅಂಟಿಕೊಂಡಿದ್ದರೆ ಅದಕ್ಕೆ ಟೆಸ್ಟ್ ಬರೆಯಲು ಪ್ರತಿ ಸಲವೂ ಒಂದು ಫೈಲ್ ಬೇಕು. ಬೇರೆ ಮಾಡಿದರೆ ಮೂರು ಸಾಲಿನ ಲಿಸ್ಟ್ ಕೊಟ್ಟು ಪರೀಕ್ಷಿಸಬಹುದು.

ಎರಡನೆಯದು, ಸಾಲನ್ನು ಅಲ್ಪವಿರಾಮದಲ್ಲಿ ಸ್ಪ್ಲಿಟ್ ಮಾಡುವುದು. ಮಾದರಿ ಡೇಟಾದಲ್ಲಿ ಇದು ಸರಿಯಾಗಿಯೇ ಓಡುತ್ತದೆ. ಊರಿನ ಕಾಲಂನಲ್ಲಿ ಉದ್ಧರಣ ಚಿಹ್ನೆಯ ಒಳಗೆ ‘ಮಲ್ಲೇಶ್ವರಂ, ಬೆಂಗಳೂರು’ ಎಂದು ಬಂದ ದಿನ ಒಂದು ಕಾಲಂ ಎರಡಾಗಿ ಮುಂದಿನದೆಲ್ಲ ಒಂದು ಮನೆ ಸರಿಯುತ್ತದೆ, ದರದ ಜಾಗಕ್ಕೆ ತೂಕ ಬಂದು ಕೂರುತ್ತದೆ. ಪೈಥಾನ್ ಜೊತೆಗೇ ಬರುವ ಸಿಎಸ್‌ವಿ ಮಾಡ್ಯೂಲ್ ಇದನ್ನು ಸರಿಯಾಗಿ ನೋಡಿಕೊಳ್ಳುತ್ತದೆ. ಕಂಪನಿಗಳು ಟಾಸ್ಕಿನ ಡೇಟಾದಲ್ಲಿ ಇಂಥ ಒಂದೆರಡು ಸಾಲನ್ನು ಬೇಕೆಂದೇ ಸೇರಿಸಿರುವುದುಂಟು.

ಮೂರನೆಯದು ಹಣ. ದಶಮಾಂಶ ಸಂಖ್ಯೆ ಇಡುವ ಸಾಮಾನ್ಯ ಬಗೆಯಾದ ಫ್ಲೋಟ್‌ನಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುತ್ತದೆ. ದಶಮಾಂಶದ ಎಷ್ಟೋ ಸಂಖ್ಯೆಗಳನ್ನು ಬೈನರಿಯಲ್ಲಿ ನಿಖರವಾಗಿ ಇಡಲಾಗದು ಎಂಬುದೇ ಕಾರಣ. ಪೈಥಾನ್ 3ರಲ್ಲಿ 2.5 ಅನ್ನು ರೌಂಡ್ ಮಾಡಿದರೆ 2 ಬರುತ್ತದೆ, 3 ಅಲ್ಲ. ಸರಿ ಅರ್ಧ ಇದ್ದಾಗ ಹತ್ತಿರದ ಸಮಸಂಖ್ಯೆಗೆ ಹೋಗುವುದು ಅದರ ನಿಯಮ. ಮೊತ್ತವನ್ನು ಪೈಸೆ ಲೆಕ್ಕದಲ್ಲಿ ಪೂರ್ಣಾಂಕವಾಗಿ ಇಡಿ, ಅಥವಾ ದಶಮಾಂಶವನ್ನು ನಿಖರವಾಗಿ ಇಡುವ ಡೆಸಿಮಲ್ ಬಳಸಿ, ಅದೂ ಸ್ಟ್ರಿಂಗ್‌ನಿಂದಲೇ ನೇರವಾಗಿ ಕಟ್ಟಿ ಎನ್ನುತ್ತಾರೆ. ಫ್ಲೋಟ್ ಮಾಡಿ ಆಮೇಲೆ ಡೆಸಿಮಲ್ ಮಾಡಿದರೆ ತಪ್ಪು ಆಗಲೇ ಒಳಗೆ ಸೇರಿರುತ್ತದೆ.

ನಾಲ್ಕನೆಯದು ತಾರೀಖು. 03/04 ನಮಗೆ ಏಪ್ರಿಲ್ 3, ಅಮೆರಿಕದವರಿಗೆ ಮಾರ್ಚ್ 4. ಸ್ಟ್ರಿಂಗ್ ಕತ್ತರಿಸಿ ತಿಂಗಳು ತೆಗೆಯುವ ಕೋಡಿಗೆ ಈ ಭೇದ ತಿಳಿಯದು. ಡೇಟಾದ ಸಮಯ ಯುಟಿಸಿಯಲ್ಲಿ (ಭಾರತಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಕಾಲಮಾನ) ಇದ್ದರೆ ಇನ್ನೊಂದು ತೊಡಕು: ಏಪ್ರಿಲ್ 1ರ ಬೆಳಗಿನ ಜಾವ 2 ಗಂಟೆಗೆ ನಮ್ಮಲ್ಲಿ ನಡೆದ ವ್ಯವಹಾರ ಯುಟಿಸಿಯಲ್ಲಿ ಮಾರ್ಚ್ 31ರ ರಾತ್ರಿ 8:30. ತಿಂಗಳು ಮಾತ್ರವಲ್ಲ, ಆರ್ಥಿಕ ವರ್ಷವೇ ಬದಲಾಯಿತು. ಇಂಥದ್ದನ್ನು ಗಮನಿಸಿ, ಕೋಡ್ ಜೊತೆಗಿಡುವ ವಿವರಣೆಯ ಫೈಲ್ ರೀಡ್‌ಮಿಯಲ್ಲಿ ‘ಸಮಯವನ್ನು ಭಾರತೀಯ ಕಾಲಮಾನಕ್ಕೆ ತಿರುಗಿಸಿದ್ದೇನೆ’ ಎಂದು ಒಂದು ಸಾಲು ಬರೆದ ಅರ್ಜಿದಾರರು ತಿದ್ದುವವರ ಕಣ್ಣಿಗೆ ಬೀಳುತ್ತಾರೆ.

ಐದನೆಯದು ವೇಗ. ಪ್ರತಿ ಸಾಲಿಗೂ ರೈತನ ಹೆಸರನ್ನು ಲಿಸ್ಟ್‌ನಲ್ಲಿ ಮೊದಲಿನಿಂದ ಹುಡುಕುವ ಕೋಡ್ ನೂರು ಸಾಲಿಗೆ ಕಣ್ಮುಚ್ಚಿ ತೆರೆಯುವಷ್ಟರಲ್ಲಿ ಮುಗಿಯುತ್ತದೆ. 50,000 ಸಾಲು, 50,000 ಹೆಸರು ಆದಾಗ ಹೋಲಿಕೆಗಳ ಸಂಖ್ಯೆ 250 ಕೋಟಿಯವರೆಗೂ ಹೋಗಬಹುದು. ಲಿಸ್ಟ್ ಬದಲು, ಹೆಸರು ಕೊಟ್ಟರೆ ಅದರ ಮಾಹಿತಿ ನೇರವಾಗಿ ಸಿಗುವ ಡಿಕ್ಷನರಿ ಬಳಸಿದರೆ ಪ್ರತಿ ಸಾಲಿಗೆ ಸರಾಸರಿ ಒಂದೇ ಹುಡುಕಾಟ. ಇಲ್ಲಿನ ಒಳ್ಳೆಯ ಉತ್ತರಗಳು ಬದಲಿಸಿ ಎಂದಷ್ಟೇ ಹೇಳಿ ನಿಲ್ಲುವುದಿಲ್ಲ, ಈ ಲೆಕ್ಕವನ್ನೂ ಬಿಡಿಸಿಡುತ್ತವೆ. ಇಂಟರ್‌ವ್ಯೂನಲ್ಲಿ ಬೇಕಾಗುವುದು ಆ ಕಾರಣವೇ.

ಸಿ ಪ್ಲಸ್ ಪ್ಲಸ್ ಬರೆಯುವ ನಮ್ಮ ಹುಡುಗ ಹುಡುಗಿಯರಿಗೆ ಇಲ್ಲಿ ಮೊದಲ ದಿನವೇ ಒಂದು ಪೆಟ್ಟು ಕಾದಿರುತ್ತದೆ. ಕಾಂಪಿಟಿಟಿವ್ ಕೋಡಿಂಗ್ ಅಭ್ಯಾಸದಿಂದ ಬಂದ ಬಿಟ್ಸ್ ಎಸ್‌ಟಿಡಿಸಿಪಿಪಿ ಹೆಡರ್, ಯೂಸಿಂಗ್ ನೇಮ್‌ಸ್ಪೇಸ್ ಎಸ್‌ಟಿಡಿ, ಒಂದಕ್ಷರದ ಗ್ಲೋಬಲ್ ಅರೇಗಳು, ಫಾರ್ ಲೂಪನ್ನು ಚಿಕ್ಕದು ಮಾಡುವ ಮ್ಯಾಕ್ರೋಗಳು, ಪ್ರತಿ ಸಾಲಿನ ಕೊನೆಗೆ ಎಂಡ್ಎಲ್: ಎಲ್ಲವನ್ನೂ ಹೆಕ್ಕಿ ಹೆಕ್ಕಿ ತೋರಿಸುತ್ತಾರೆ. ಆ ಹೆಡರ್ ಭಾಷೆಯ ಮಾನದಂಡದ ಭಾಗವಲ್ಲ, ಜಿಸಿಸಿ ಕಂಪೈಲರಿನಲ್ಲಿ ಓಡುತ್ತದೆ, ಮೈಕ್ರೋಸಾಫ್ಟಿನ ಕಂಪೈಲರಿನಲ್ಲಿ ಸಾಮಾನ್ಯವಾಗಿ ಇರುವುದೇ ಇಲ್ಲ. ಎಂಡ್ಎಲ್ ಸಾಲು ಮುರಿಯುವುದರ ಜೊತೆಗೆ ಪ್ರತಿ ಸಲವೂ ಬಫರನ್ನು ಖಾಲಿ ಮಾಡುವುದರಿಂದ ದೊಡ್ಡ ಔಟ್‌ಪುಟ್ ನಿಧಾನವಾಗುತ್ತದೆ. ಸ್ಪರ್ಧೆಯಲ್ಲಿ ನಡೆಯುವ ಈ ರೂಢಿಗಳು ಟೇಕ್-ಹೋಮ್ ಟಾಸ್ಕಿನಲ್ಲಿ ಅಂಕ ಕಳೆಯುತ್ತವೆ ಎಂದು ಕಾಲೇಜಿನಲ್ಲಿ ಹೇಳಿಕೊಡುವವರು ಕಡಿಮೆ. ಇಲ್ಲಿ ಪುಕ್ಕಟೆಯಾಗಿ ತಿಳಿಯುತ್ತದೆ. ಜಾವಾದವರಿಗಾದರೆ ಸ್ಟ್ರಿಂಗ್‌ಗಳನ್ನು ಈಕ್ವಲ್ಸ್ ಬಿಟ್ಟು ಎರಡು ಸಮಚಿಹ್ನೆಯಿಂದ ಹೋಲಿಸುವುದು, ಎಕ್ಸೆಪ್ಶನ್ ಹಿಡಿದು ಏನೂ ಮಾಡದೆ ನುಂಗಿಬಿಡುವುದು, ಇಂಥ ತಪ್ಪುಗಳನ್ನು ತೋರಿಸುತ್ತಾರೆ.

ಒಂದು ಉತ್ತರ ಎಲ್ಲವನ್ನೂ ಹೇಳಬೇಕೆಂಬ ನಿಯಮವಿಲ್ಲ. ಒಂದೇ ಮುಖ್ಯ ವಿಷಯ ಹೇಳಿದರೂ ಅದು ಪೂರ್ಣ ಉತ್ತರ. ಹಾಗಾಗಿ ಮೊದಲ ಉತ್ತರ ಬಂದ ತಕ್ಷಣ ಸ್ವೀಕರಿಸಿದ ಗುರುತು ಹಾಕಬೇಡಿ. ಒಂದು ದಿನ ಕಾಯಿರಿ, ಎರಡನೆಯವರು ಬೇರೆಯದನ್ನೇ ಕಂಡುಹಿಡಿಯಬಹುದು. ಉತ್ತರ ಬಂದ ಮೇಲೆ ಪ್ರಶ್ನೆಯಲ್ಲಿನ ಕೋಡನ್ನು ತಿದ್ದುವುದು ನಿಷಿದ್ಧ. ತಿದ್ದಿದರೆ ಉತ್ತರಕ್ಕೂ ಪ್ರಶ್ನೆಗೂ ಸಂಬಂಧ ತಪ್ಪುತ್ತದೆ. ಸುಧಾರಿಸಿದ ಕೋಡನ್ನು ಮತ್ತೆ ತೋರಿಸಬೇಕಿದ್ದರೆ ಹೊಸ ಪ್ರಶ್ನೆ ಹಾಕಿ ಹಳೆಯದರ ಲಿಂಕ್ ಕೊಡಬೇಕು. ಹೀಗೆ ಎರಡು ಸುತ್ತು ಮುಗಿಸಿದವರ ಕೋಡ್ ಎಷ್ಟು ಬದಲಾಗುತ್ತದೆ ಎಂಬುದನ್ನು ಆ ಜೋಡಿ ಪ್ರಶ್ನೆಗಳನ್ನು ಪಕ್ಕಪಕ್ಕ ಇಟ್ಟು ಓದಿದರೆ ಕಾಣಬಹುದು.

ಕೊರತೆಗಳು

ದೊಡ್ಡ ಕೊರತೆ ಸಮಯದ್ದು. ಉತ್ತರ ಕೆಲವು ಗಂಟೆಗಳಲ್ಲಿ ಬರಬಹುದು, ಕೆಲವು ದಿನ ಹಿಡಿಯಬಹುದು, ಬಾರದೆಯೂ ಇರಬಹುದು. ಉತ್ತರಿಸುವವರಿಗೆ ಸಂಬಳವಿಲ್ಲ. ಪೈಥಾನ್, ಸಿ ಪ್ಲಸ್ ಪ್ಲಸ್, ಜಾವಾ, ಸಿ ಶಾರ್ಪ್, ಜಾವಾಸ್ಕ್ರಿಪ್ಟ್‌ಗೆ ಓದುಗರು ಸಿಗುತ್ತಾರೆ; ಹೊಸ ಫ್ರೇಮ್‌ವರ್ಕ್‌ಗಳ ಪ್ರಶ್ನೆಗಳು ಬಹಳ ದಿನ ಹಾಗೇ ಬಿದ್ದಿರುತ್ತವೆ. ಗಮನ ಸೆಳೆಯಲು ಬೌಂಟಿ ಇಡುವ ವ್ಯವಸ್ಥೆ ಇದೆ. ಅದಕ್ಕೆ ಪ್ರಶ್ನೆ ಹಾಕಿ ಎರಡು ದಿನ ಕಳೆದಿರಬೇಕು, ನಿಮ್ಮ ಖಾತೆಯಲ್ಲಿ 75 ರೆಪ್ಯುಟೇಶನ್ ಅಂಕ ಇರಬೇಕು, ಅದರಲ್ಲಿ ಕನಿಷ್ಠ 50 ಬಹುಮಾನವಾಗಿ ಕೊಡಬೇಕು. 48 ಗಂಟೆಯ ಗಡುವಿನವರಿಗೆ ಇದರಿಂದ ಏನೂ ಪ್ರಯೋಜನವಿಲ್ಲ.

ಮಾತಿನ ಧಾಟಿ ಇನ್ನೊಂದು. ನೇರವಾಗಿ, ಬೆಣ್ಣೆ ಹಚ್ಚದೆ ಬರೆಯುತ್ತಾರೆ. ‘ಈ ಕ್ಲಾಸಿನ ಅಗತ್ಯವೇ ಇಲ್ಲ’ ಎಂಬ ಒಂದು ಸಾಲಿನ ಟಿಪ್ಪಣಿ ಓದಿ ಎದೆಗುಂದುವವರಿದ್ದಾರೆ. ಅಲ್ಲಿ ಕೋಡಿನ ಬಗ್ಗೆ ಮಾತು, ಬರೆದವರ ಬಗ್ಗೆ ಅಲ್ಲ. ಕೆಲಸ ಸಿಕ್ಕ ಮೇಲೆ ದಿನವೂ ಇಂಥದ್ದೇ ಟಿಪ್ಪಣಿಗಳನ್ನು ಓದಬೇಕಾದ್ದರಿಂದ ಈಗಲೇ ರೂಢಿಯಾಗುವುದು ಒಳ್ಳೆಯದೇ.

ಮೂರನೆಯ ಕೊರತೆ ಹೆಚ್ಚು ಜನರ ಗಮನಕ್ಕೆ ಬರುವುದಿಲ್ಲ: ಇಲ್ಲಿನವರು ಪೋಸ್ಟಿನಲ್ಲಿರುವ ಕೋಡನ್ನು ಮಾತ್ರ ನೋಡುತ್ತಾರೆ, ರೆಪೊವನ್ನಲ್ಲ. ಟೇಕ್-ಹೋಮ್ ಟಾಸ್ಕ್‌ಗಳು ಬಿದ್ದುಹೋಗುವುದು ಬಹಳ ಸಲ ರೆಪೊದಲ್ಲೇ. ಡೌನ್‌ಲೋಡ್ ಆದ ಲೈಬ್ರರಿಗಳ ನೋಡ್ ಮಾಡ್ಯೂಲ್ಸ್ ಫೋಲ್ಡರ್ ಸಮೇತ ಕಮಿಟ್ ಆಗಿರುತ್ತದೆ (ರೆಪೊದ ಇತಿಹಾಸಕ್ಕೆ ಸೇರಿರುತ್ತದೆ). ಎಪಿಐ ಕೀ (ಹೊರಗಿನ ಸೇವೆ ಬಳಸಲು ಕೊಟ್ಟ ಗುಟ್ಟಿನ ಸಂಕೇತ) ಇರುವ ಫೈಲ್ ಒಳಗಿರುತ್ತದೆ. ಅದನ್ನು ಮುಂದಿನ ಕಮಿಟ್‌ನಲ್ಲಿ ಅಳಿಸಿದರೂ ಹಿಂದಿನ ಕಮಿಟ್‌ನಲ್ಲಿ ಉಳಿಯುತ್ತದೆ, ಆ ಕೀಯನ್ನೇ ರದ್ದು ಮಾಡಿ ಹೊಸದು ಪಡೆಯಬೇಕು. ಲೈಬ್ರರಿಗಳ ಆವೃತ್ತಿ ಬರೆದಿಡದ ಕಾರಣ ತಿದ್ದುವವರ ಕಂಪ್ಯೂಟರಿನಲ್ಲಿ ಬೇರೆ ಆವೃತ್ತಿ ಇಳಿದು ಎರರ್ ಬರುತ್ತದೆ. ಡೇಟಾಬೇಸ್ ಪಾಸ್‌ವರ್ಡ್, ಪೋರ್ಟ್ ಕೋಡಿನೊಳಗೇ ಇರುತ್ತವೆ. ಇದಕ್ಕೆ ಯಾರ ನೆರವೂ ಬೇಡ. ಸಲ್ಲಿಸುವ ಮುನ್ನ ರೆಪೊವನ್ನು ಬೇರೆ ಖಾಲಿ ಫೋಲ್ಡರಿಗೆ ಕ್ಲೋನ್ (ನಕಲು) ಮಾಡಿ, ರೀಡ್‌ಮಿಯಲ್ಲಿ ಬರೆದ ಆಜ್ಞೆಗಳನ್ನು ಮಾತ್ರ ಒಂದೊಂದಾಗಿ ಟೈಪ್ ಮಾಡಿ ಓಡಿಸಿ. ಎಲ್ಲಿ ನಿಲ್ಲುತ್ತದೋ ಅದೇ ರೀಡ್‌ಮಿಯಲ್ಲಿ ಬಿಟ್ಟುಹೋದ ಸಾಲು. ಹತ್ತು ನಿಮಿಷದ ಕೆಲಸ, ಇದನ್ನು ಬಿಡಲೇಬೇಡಿ.

ಪರವಾನಗಿಯ ಮಾತು ಮತ್ತೆ ಇಲ್ಲಿ ಬರುತ್ತದೆ. ಉತ್ತರದಲ್ಲಿ ಯಾರೋ ಬರೆದ ಹತ್ತು ಸಾಲನ್ನು ಹಾಗೆಯೇ ನಿಮ್ಮ ಟಾಸ್ಕಿಗೆ ಎತ್ತಿಕೊಂಡರೆ ಬಿವೈ-ಎಸ್‌ಎ ಪ್ರಕಾರ ಮೂಲ ಬರೆದವರ ಹೆಸರು, ಲಿಂಕ್ ಕೊಡಬೇಕು. ಅಪ್ಪಟ ಪ್ರಾಮಾಣಿಕತೆಯ ದೃಷ್ಟಿಯಿಂದಲೂ ಅದೇ ಸರಿ. ರೀಡ್‌ಮಿಯ ಕೊನೆಯಲ್ಲಿ ನೆರವು ಪಡೆದ ಕಡೆಗಳು ಎಂದು ಎರಡು ಸಾಲು ಬರೆಯಿರಿ. ಇದರಿಂದ ಅಂಕ ಹೋಗುವುದಿಲ್ಲ; ಮುಚ್ಚಿಟ್ಟದ್ದು ಆಮೇಲೆ ಗೊತ್ತಾದರೆ ಕೆಲಸವೇ ಹೋಗುತ್ತದೆ.

ಗಡುವಿನ ನಡುವೆ ಸಿಕ್ಕಿಬಿದ್ದಾಗ

ಟಾಸ್ಕ್ ಮಾಡುತ್ತಿರುವಾಗ ಒಂದು ಎರರ್ ದಾಟಲಾಗದೆ ನಿಂತರೆ ಹೋಗಬೇಕಾದದ್ದು ಸ್ಟಾಕ್ ಓವರ್‌ಫ್ಲೋಗೆ, ಅದೂ ಟಾಸ್ಕಿನ ಸುಳಿವಿಲ್ಲದ ಪ್ರಶ್ನೆಯೊಂದಿಗೆ. ಹೊಸ ಫೈಲ್ ತೆರೆದು, ಆ ಎರರ್ ಮರುಕಳಿಸಲು ಬೇಕಾದಷ್ಟೇ ಕೋಡ್ ಬರೆಯಿರಿ. ಇನ್ನೂರು ಸಾಲು ಹದಿನೈದಕ್ಕೆ ಇಳಿಯಬೇಕು. ಹೀಗೆ ಇಳಿಸುತ್ತಾ ಹೋಗುವಾಗಲೇ ಅರ್ಧಕ್ಕರ್ಧ ಸಲ ತಪ್ಪು ನಿಮಗೇ ಕಾಣುತ್ತದೆ. ಕಾಣದಿದ್ದರೆ ಆ ಹದಿನೈದು ಸಾಲು, ಬಂದ ಎರರಿನ ಪೂರ್ತಿ ಪಠ್ಯ, ಬರಬೇಕಾಗಿದ್ದ ಫಲಿತಾಂಶ, ಈಗಾಗಲೇ ಏನೇನು ಪ್ರಯತ್ನಿಸಿದ್ದೀರಿ, ಇಷ್ಟು ಕೊಡಿ. ಎರರಿನ ಫೋಟೋ ಬೇಡ, ಅದನ್ನು ಕಾಪಿ ಮಾಡಿ ಓಡಿಸಲಾಗದು. ಒಂದು ಲೈಬ್ರರಿಯ ವರ್ತನೆಯ ಬಗ್ಗೆ ಹೀಗೆ ಕೇಳುವುದು ಯಾರೂ ಆಕ್ಷೇಪಿಸದ ನೆರವು.

ಬೆಂಗಳೂರಿನ ಹಲವು ಕಂಪನಿಗಳಲ್ಲಿರುವ ಮೆಷಿನ್ ಕೋಡಿಂಗ್ ರೌಂಡ್‌ಗೆ, ಅಂದರೆ ಒಂದೂವರೆ ಗಂಟೆಯ ಆಸುಪಾಸಿನಲ್ಲಿ ಓಡುವ ಪ್ರೋಗ್ರಾಂ ಬರೆದು ತೋರಿಸುವ ಸುತ್ತಿಗೆ, ಈ ದಾರಿಯೂ ಸಾಲದು. ಅಲ್ಲಿ ಮೊದಲೇ ಮಾಡಿದ ಅಭ್ಯಾಸವೊಂದೇ ಕೈ ಹಿಡಿಯುವುದು. ಪ್ರೋಗ್ರಾಮಿಂಗ್ ಭಾಷೆಯ ಹಿಡಿತವೇ ಸಡಿಲ ಎನಿಸಿದರೆ ಎಕ್ಸರ್‌ಸಿಸಂ ಎಂಬ ಅಭ್ಯಾಸದ ತಾಣ ನೋಡಿ. 70ಕ್ಕೂ ಹೆಚ್ಚು ಭಾಷೆಗಳಿಗೆ ಅಭ್ಯಾಸಗಳಿವೆ, ಬರೆದ ಪರಿಹಾರದ ಮೇಲೆ ಸ್ವಯಂಸೇವಕ ಮೆಂಟರ್ ಜೊತೆ ಚರ್ಚಿಸಬಹುದು, ದುಡ್ಡು ಕೊಡಬೇಕಿಲ್ಲ. ಆದರೆ ಅಲ್ಲಿನ ಅಭ್ಯಾಸಗಳಿಗೆ ಮಾತ್ರ, ನಿಮ್ಮದೇ ಪ್ರಾಜೆಕ್ಟಿಗೆ ಅಲ್ಲ. ಕೋಡ್ ರಿವ್ಯೂಗಿಂತ ಧಾಟಿ ಮೃದು, ಕಾಲೇಜಿನ ಎರಡನೇ ವರ್ಷದವರಿಗೆ ಅದೇ ಮೇಲು.

ಎಐ ಚಾಟ್‌ಗಳು ಕ್ಷಣದಲ್ಲಿ ಉತ್ತರ ಕೊಡುತ್ತವೆ, ಇಲ್ಲದ ಫಂಕ್ಷನ್ನನ್ನು ಇದೆಯೆಂದು ಧೈರ್ಯವಾಗಿ ಹೇಳುವುದೂ ಉಂಟು. ಸ್ಟಾಕ್ ಓವರ್‌ಫ್ಲೋ 2022ರ ಡಿಸೆಂಬರ್‌ನಲ್ಲಿ ಅಂಥ ಉತ್ತರಗಳನ್ನು ಹಾಕುವುದನ್ನು ನಿಷೇಧಿಸಿದ್ದು, ನೋಡಲು ಸರಿಯಿದ್ದು ಒಳಗೆ ತಪ್ಪಿರುವ ಉತ್ತರಗಳು ರಾಶಿ ಬೀಳುತ್ತಿದ್ದುದರಿಂದ. ಕಂಪನಿ ಒಪ್ಪಿದರೆ ಬಳಸಿ, ಆದರೆ ಪ್ರತಿ ಸಾಲನ್ನೂ ಲೈಬ್ರರಿಯ ಅಧಿಕೃತ ದಾಖಲೆಯೊಂದಿಗೆ ತಾಳೆ ನೋಡಿ. ಇನ್ನು ಹಣ ಕೊಟ್ಟರೆ ಟಾಸ್ಕ್ ಮಾಡಿಕೊಡುತ್ತೇವೆ, ನಿಮ್ಮ ಬದಲು ಟೆಸ್ಟ್ ಬರೆಯುತ್ತೇವೆ ಎನ್ನುವವರ ಹತ್ತಿರ ಸುಳಿಯಲೇಬೇಡಿ. ಅದು ವಂಚನೆ, ಮಾಡಿಸಿಕೊಂಡ ಗುಟ್ಟು ಅವರ ಕೈಯಲ್ಲೇ ಉಳಿಯುತ್ತದೆ.

ಟಾಸ್ಕ್ ಪಾಸಾದ ಮೇಲೆ ಸಾಮಾನ್ಯವಾಗಿ ಒಂದು ಕರೆ ಇರುತ್ತದೆ. ಸ್ಕ್ರೀನ್ ಹಂಚಿಕೊಂಡು ನಿಮ್ಮದೇ ಕೋಡ್ ತೆರೆಯಿರಿ ಎನ್ನುತ್ತಾರೆ. ಇಲ್ಲಿ ಡಿಕ್ಷನರಿ ಯಾಕೆ, ತಪ್ಪು ಸಾಲು ಬಂದರೆ ಏನಾಗುತ್ತದೆ, ಫೈಲ್ 2 ಜಿಬಿ ಇದ್ದರೆ ಇದು ಓಡುತ್ತದೆಯೇ, ಈಗ ಇದಕ್ಕೆ ರಿಯಾಯಿತಿಯ ನಿಯಮವೊಂದನ್ನು ಸೇರಿಸಿ ತೋರಿಸಿ ಎಂದು ಕೇಳುತ್ತಾರೆ. ಕೋಡ್ ರಿವ್ಯೂನಲ್ಲಿ ಹಾಕಿದ ಅಡಿಕೆ ಲೆಕ್ಕದ ಪ್ರೋಗ್ರಾಂಗೆ ಬಂದ ಟಿಪ್ಪಣಿಗಳನ್ನು ಒಂದು ಹಾಳೆಯಲ್ಲಿ ಪ್ರಶ್ನೆಗಳಾಗಿ ಬರೆದಿಟ್ಟುಕೊಳ್ಳಿ. ಕರೆಯ ಹಿಂದಿನ ರಾತ್ರಿ, ಸಲ್ಲಿಸಿದ ಕೋಡನ್ನು ಪಕ್ಕದಲ್ಲಿಟ್ಟು ಆ ಪ್ರಶ್ನೆಗಳಿಗೆ ಬಾಯಿಬಿಟ್ಟು ಉತ್ತರ ಹೇಳಿ ನೋಡಿ. ಮಾತು ತಡವರಿಸಿದ ಸಾಲುಗಳಿಗೆ ಗುರುತು ಹಾಕಿ, ಮಲಗುವ ಮುನ್ನ ಅವನ್ನಷ್ಟೇ ಮತ್ತೆ ಓಡಿಸಿ, ಇನ್‌ಪುಟ್ ಬದಲಿಸಿ ಏನಾಗುತ್ತದೆ ನೋಡಿ.